ಭೀಮೆಯ ದಂಡೆಯ ನೆನಪಿನ ಕಲ್ಲುಗಳು

ಜಪಾನಿನ ಒಸಾಕಾ ನಗರದಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯ ಮೇಲೆ ಬೆಂಗಳೂರಿಗೆ ಬಂದಿದ್ದಾಗ ಜಯನಗರದ ನಮ್ಮ ಮನೆಗೂ ಬಂದು ಬಹಳ ಹೊತ್ತು ಕುಳಿತಿದ್ದ. ಅವನ ಮಾತೆಲ್ಲ ಅಲ್ಲಿಯ ಕೋಯಾ ಪರ್ವತದ್ದೇ. ಜಪಾನಿನ ಬೌದ್ಧ ಗುರು ಕೂಕಾಯ್ ಎಂಬಾತ 835ರಲ್ಲಿ ಆ ಬೆಟ್ಟದ ಮೇಲೆ ಧ್ಯಾನಸ್ಥನಾಗಿ ಕುಳಿತನಂತೆ. ಅವನು ಸತ್ತನೆಂದು ಅವನ ಅನುಯಾಯಿಗಳು ಇಂದಿಗೂ ಹೇಳುವುದಿಲ್ಲ. ಒಳಗೆ ಧ್ಯಾನದಲ್ಲಿಯೇ ಇದ್ದಾನೆಂಬ ನಂಬಿಕೆಯಿಂದ ದಿನಕ್ಕೆರಡು ಬಾರಿ ಊಟವನ್ನು ಪೆಟ್ಟಿಗೆಯಲ್ಲಿಟ್ಟು ಹೊತ್ತೊಯ್ಯುತ್ತಾರೆ. ಅವನ ಸನ್ನಿಧಿಯಲ್ಲಿ ತಮ್ಮದೂ ಒಂದು ಕಲ್ಲಿರಲಿ ಎಂದು ಶತಮಾನಗಳಿಂದ ಜನ ಬಯಸಿದ್ದರಿಂದ, ಎರಡು ಕಿಲೋಮೀಟರ್ ಉದ್ದದ ಕಾಡುದಾರಿಯ ಇಕ್ಕೆಲಗಳಲ್ಲಿ ಎರಡು ಲಕ್ಷಕ್ಕೂ ಮಿಗಿಲಾದ ಸಮಾಧಿಗಳಾಗಿವೆ. ಮುಗಿಲೆತ್ತರದ ದೇವದಾರು ಜಾತಿಯ ಮರಗಳು, ಪಾಚಿ ಕಟ್ಟಿದ ಕಲ್ಲುಗಳು, ಬೆಳಗ್ಗೆ ಬಿಟ್ಟೂ ಬಿಡದ ಮಂಜು. ಒಂದರ ಮೇಲೊಂದು ಐದು ಆಕಾರಗಳನ್ನಿಟ್ಟ ಆ ಸಮಾಧಿಗಲ್ಲುಗಳು ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಆಕಾಶಗಳ ಗುರುತು ಎಂದು ಅವನು ಹೇಳಿದಾಗ ನನಗೆ ರೋಮಾಂಚನವಾಯಿತು. ನಮ್ಮ ಪಂಚಭೂತಗಳೇ ಅಷ್ಟು ದೂರ ಹೋಗಿ ಕುಳಿತಿವೆ!

"ಮೇಷ್ಟ್ರೇ, ನನಗೆ ಅಲ್ಲಿ ಮಂತ್ರಾಲಯವೇ ನೆನಪಾಯಿತು" ಎಂದ. ಆಗದೆ ಇದ್ದೀತೆ? 1671ರಲ್ಲಿ ಸಶರೀರರಾಗಿ ಬೃಂದಾವನ ಪ್ರವೇಶಿಸಿದ ರಾಯರು ಇನ್ನೂ ಒಳಗಿದ್ದಾರೆಂದು ನಂಬಿ ಗುರುವಾರ ಬೆಳಗ್ಗೆ ಐದನೆಯ ಬ್ಲಾಕಿನ ಮಠದ ಮುಂದೆ ಸಾಲು ನಿಲ್ಲುವವರಿಗೆ ಕೂಕಾಯ್‌ನನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಆದರೆ ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಬೇರೆ. "ನಮ್ಮ ನಾಡಿನಲ್ಲಿಯೂ ಬೌದ್ಧರಿದ್ದರು ಎಂದು ನೀವೇ ಪಾಠ ಮಾಡಿದ್ದಿರಿ. ಅವರಲ್ಲಿ ಸತ್ತವರ ಗುರುತುಗಳೆಲ್ಲ ಎಲ್ಲಿ ಹೋದವು?"

ಉತ್ತರ ನನ್ನಲ್ಲಿತ್ತು. ಆದರೆ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ. ಅದರಲ್ಲಿ ನನ್ನ ಮನೆಯ ವಿಷಯವೂ ಬೆರೆತಿದೆ. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮನೆಯಾಕೆ ಕಲಬುರಗಿಯ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿದರೂ ಅವಳ ಮಾತು ಕಡೆಯವರೆಗೂ ಅಲ್ಲಿಯದೇ ಆಗಿತ್ತು. ನಮ್ಮಲ್ಲಿ ಮಡಿಲು ತುಂಬುವುದು, ಅವಳಲ್ಲಿ ಉಡಿ ತುಂಬುವುದು. ತವರಿನ ಕುಲದೇವತೆ ಸನ್ನತಿಯ ಚಂದ್ರಲಾಂಬಾ. 2017ರಲ್ಲಿ ನಮ್ಮ ಮೊಮ್ಮಗಳಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ, ಹುಡುಗಿ ಗುಣವಾದರೆ ಅವಳನ್ನು ಕರೆದುಕೊಂಡು ಬಂದು ಅಮ್ಮನಿಗೆ ಉಡಿ ತುಂಬುತ್ತೇನೆಂದು ಹರಕೆ ಹೊತ್ತಳು. ಇಳಕಲ್ ಸೀರೆಯನ್ನೂ ಖಣವನ್ನೂ ಆಗಲೇ ತರಿಸಿಟ್ಟಳು. ಹುಡುಗಿ ಗುಣವಾದಳು. ಅನಂತರ ಇವಳ ಮಂಡಿನೋವು, ಅನಂತರ ಕೊರೋನಾ, 2022ರಲ್ಲಿ ಇವಳೇ ಹೊರಟುಹೋದಳು. ಸೀರೆ ಬೀರುವಿನಲ್ಲಿಯೇ ಉಳಿಯಿತು.

ಬನಶಂಕರಿಯ ಚಿತಾಗಾರದಲ್ಲಿ ದಹನವಾಯಿತು. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. ಮಡಕೆ ಮುಳುಗಿದ ಮೇಲೆ ನೀರು ಮೊದಲಿನಂತೆಯೇ ಹರಿಯಿತು. ಹಿಂದಿರುಗುವ ದಾರಿಯಲ್ಲಿ ಮೊಮ್ಮಗಳು, "ತಾತ, ಇನ್ನು ಅಜ್ಜಿಯನ್ನು ನೋಡಬೇಕು ಅನ್ನಿಸಿದರೆ ಎಲ್ಲಿಗೆ ಹೋಗಬೇಕು?" ಎಂದಳು. ಅವಳ ಕ್ರೈಸ್ತ ಗೆಳತಿಯೊಬ್ಬಳು ನವೆಂಬರ್ ಎರಡರಂದು ತನ್ನ ಅಜ್ಜಿಯ ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚಿ ಬರುತ್ತಾಳೆ. ನಮಗೆ ಅಂಥ ಜಾಗವಿಲ್ಲ. ಶ್ರಾದ್ಧದ ದಿನ ಪಿಂಡವಿದೆ, ಕಾಗೆಯಿದೆ, ಎಳ್ಳುನೀರಿದೆ. ಹೋಗಿ ನಿಲ್ಲುವ ಜಾಗವಿಲ್ಲ. ಶಾಸ್ತ್ರಜ್ಞರು ಇದಕ್ಕೆ ಒಳ್ಳೆಯ ಕಾರಣಗಳನ್ನೇ ಕೊಡುತ್ತಾರೆ. ಅವನ್ನು ನಾನೂ ಬಲ್ಲೆ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಹುಡುಗಿಗೆ ಅವು ಉತ್ತರವಾಗಲಾರವು ಎಂದು ಸುಮ್ಮನಾದೆ.

2023ರ ಡಿಸೆಂಬರಿನಲ್ಲಿ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ನಾವಿಬ್ಬರೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಗಿನ ಜಾವ ಯಾದಗಿರಿಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ದೀಪಗಳ ಸುತ್ತ ಮಂಜು ಹಬ್ಬಿತ್ತು. ಬಿಸಿಲ ನಾಡೆಂದೇ ಹೆಸರಾದ ಕಡೆ ಇಂಥ ಮಂಜನ್ನು ನಾನು ನಿರೀಕ್ಷಿಸಿರಲಿಲ್ಲ. "ಚಳಿಗಾಲದಾಗ ಹೊಳಿ ದಂಡಿಗೆ ಹಿಂಗೇ ಬೀಳ್ತದ ನೋಡ್ರಿ ಸರ. ಒಂಬತ್ತಕ್ಕ ಬಿಸಲು ಬಂತಂದ್ರ ಎಲ್ಲಾ ಮಾಯ" ಎಂದ ಕಾರಿನ ಹುಡುಗ. ಗುಡಿಯಲ್ಲಿ ಅಭಿಷೇಕ ಅಲಂಕಾರಗಳಾಗಿ ಉಡಿಸೇವೆಗೆ ಒಂಬತ್ತಾಗುತ್ತದೆಂದು ಅರ್ಚಕರು ದೂರವಾಣಿಯಲ್ಲಿ ತಿಳಿಸಿದ್ದರು. ಆದ್ದರಿಂದ ಮೊದಲು ಕನಗನಹಳ್ಳಿಗೆ ಹೋಗೋಣವೆಂದೆ.

ಕೋಯಾ ಪರ್ವತದಂತೆ ಇಲ್ಲಿ ಕಾಡಿಲ್ಲ. ಕೊಯ್ಲಿಗೆ ಬಂದ ತೊಗರಿ, ಬಿಡಿಸಿ ಉಳಿದ ಹತ್ತಿ, ಬದುಗಳಲ್ಲಿ ಜಾಲಿ. ಆ ಮಂಜಿನಲ್ಲಿ ಮಾತ್ರ ಆಳೆತ್ತರದ ತೊಗರಿಯೇ ಕಾಡಿನಂತೆ ಕಾಣುತ್ತಿತ್ತು. ಅದರ ನಡುವೆ ಬೇಲಿ, ಬೇಲಿಯೊಳಗೆ ಕಲ್ಲುಗಳು. ಕಾವಲಿನವನು ಕಂಬಳಿ ಹೊದ್ದು ಬಂದು ಬಾಗಿಲು ತೆರೆದ.

ನನ್ನ ವಿದ್ಯಾರ್ಥಿಗಳಿಗಾಗಿ ಒಂದಿಷ್ಟು ಇತಿಹಾಸ ಹೇಳಲೇಬೇಕು. ಬೇಸರಿಸಿಕೊಳ್ಳುವವರು ಮುಂದಿನ ಕಂಡಿಕೆಗೆ ಜಿಗಿಯಬಹುದು. ತರಗತಿಯಲ್ಲಿಯೂ ಹಾಗೆಯೇ ಮಾಡುತ್ತಿದ್ದಿರಿ. ಸ್ತೂಪವೆಂದರೆ ಮೂಲತಃ ಚಿತೆಯಿಂದ ಆಯ್ದ ಅಸ್ಥಿಯ ಮೇಲೆ ಕಟ್ಟಿದ ದಿಬ್ಬ. ಬುದ್ಧನ ದಹನವಾದ ಮೇಲೆ ಅಸ್ಥಿಗಾಗಿ ರಾಜರು ಜಗಳಕ್ಕೆ ನಿಂತರು, ದ್ರೋಣನೆಂಬ ಬ್ರಾಹ್ಮಣ ಎಂಟು ಪಾಲು ಮಾಡಿ ಹಂಚಿದ, ಮುಂದೆ ಅಶೋಕ ಆ ಪಾಲುಗಳನ್ನು ತೆಗೆಸಿ ಎಂಬತ್ತುನಾಲ್ಕು ಸಾವಿರ ಸ್ತೂಪಗಳಲ್ಲಿ ಇರಿಸಿದ ಎಂಬುದು ಬೌದ್ಧರ ಕಥೆ. ಸಂಖ್ಯೆಯನ್ನು ನಂಬಬೇಕಾಗಿಲ್ಲ. ಬೂದಿಯನ್ನು ನೀರಿಗೆ ಬಿಡದೆ ಕಲ್ಲಿನಲ್ಲಿ ಕಾಪಾಡಿಕೊಂಡ ಒಂದು ಸಮುದಾಯ ಈ ದೇಶದಲ್ಲಿತ್ತು ಎಂಬುದನ್ನು ಮರೆಯದಿದ್ದರೆ ಸಾಕು. ಕನಗನಹಳ್ಳಿಯ ಮಹಾಸ್ತೂಪವನ್ನು ಭಾರತೀಯ ಪುರಾತತ್ತ್ವ ಇಲಾಖೆಯವರು 1994ರಿಂದ ಅಗೆದು ತೆಗೆದರು. ಶಾಸನಗಳಲ್ಲಿ ಇದರ ಹೆಸರು ಅಧೋಲೋಕ ಮಹಾಚೈತ್ಯ. ಕಲ್ಲು ಸುಣ್ಣದ ಕಲ್ಲು, ನಾವು ಶಹಾಬಾದಿ ಕಲ್ಲು ಎನ್ನುವ ಜಾತಿಯದೇ. ಜಯನಗರದ ಹಳೆಯ ಮನೆಗಳಲ್ಲಿ ಅಡುಗೆಮನೆಯ ನೆಲಕ್ಕೆ ಹಾಸಿದ ಕಲ್ಲಿಗೆ ಇಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಉಳಿಯೇಟು ಬಿದ್ದು ಹಂಸಗಳೂ ಬೋಧಿವೃಕ್ಷಗಳೂ ರಾಜರಾಣಿಯರೂ ಮೂಡಿದ್ದಾರೆ.

ಶಾತವಾಹನ ಅರಸರು ಹೆಸರಿನೊಂದಿಗೆ ಇಲ್ಲಿದ್ದಾರೆ. ಒಂದು ಹಾಸುಗಲ್ಲಿನಲ್ಲಿ ಶಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆ, ಕೆಳಗೆ ಹಾಗೆಂದು ಬ್ರಾಹ್ಮಿಯಲ್ಲಿ ಬರೆದಿದೆ. ಇನ್ನೊಂದರಲ್ಲಿ ಪುಳುಮಾವಿ ಉಜ್ಜಯಿನಿಯನ್ನು ಬಿಟ್ಟುಕೊಡುತ್ತಿದ್ದಾನೆ. ಎಲ್ಲಕ್ಕಿಂತ ಹೆಸರಾದದ್ದು ರಾಣಿಯರ ನಡುವೆ ನಿಂತ ಅರಸ; ಅಲ್ಲಿಯ ಬರಹ "ರಾಯಾ ಅಸೋಕೋ". ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಸ್ಪಷ್ಟವಾದ ಕಥೆಯನ್ನು ಪ್ರತಿ ವರ್ಷವೂ ಪಾಠ ಮಾಡಿದ್ದೇನೆ. ಆಗಿನ್ನೂ ಈ ಕಲ್ಲು ಮಣ್ಣಿನೊಳಗಿತ್ತು. ಪತ್ರಿಕೆಗಳು ಇದನ್ನು ಅಶೋಕನ ಭಾವಚಿತ್ರವೆಂದು ಬರೆಯುತ್ತವೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕೆತ್ತಿದವನು ಅಶೋಕನಿಗಿಂತ ಶತಮಾನಗಳಷ್ಟು ಈಚಿನವನು, ಅವನೂ ಅಶೋಕನನ್ನು ನೋಡಿದವನಲ್ಲ. ಸತ್ತು ಅಷ್ಟು ಕಾಲವಾದ ಮೇಲೂ ಒಬ್ಬನ ಹೆಸರನ್ನು ಬರೆದು ಅವನಿಗೊಂದು ಮುಖ ಕೊಡಬೇಕೆಂದು ಈ ಹಳ್ಳಿಯ ಶಿಲ್ಪಿಗೆ ಅನ್ನಿಸಿತಲ್ಲ, ಅದು ದೊಡ್ಡದು.

ಅರಸರಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವರು ಸಾಮಾನ್ಯರು. ಇಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಬರಹಗಳು ಸಿಕ್ಕಿವೆ. ಬಹುಪಾಲು ಒಂದೊಂದೇ ಸಾಲು: ಇಂಥ ಗೃಹಪತಿಯ ದಾನ, ಇಂಥ ಉಪಾಸಿಕೆಯ ದಾನ, ಇಂಥ ಭಿಕ್ಷುಣಿಯ ದಾನ. ಮೊಮ್ಮಗಳು ಕೈಪುಸ್ತಕದಲ್ಲಿದ್ದ ಬ್ರಾಹ್ಮಿ ಅಕ್ಷರಮಾಲೆಯನ್ನು ಪಕ್ಕದಲ್ಲಿಟ್ಟುಕೊಂಡು 'ದಾನ' ಎಂಬ ಎರಡಕ್ಷರವನ್ನು ತಾನೇ ಹುಡುಕಿ ಓದಿದಳು. ಆಮೇಲೆ ಅದೇ ಲಿಪಿಯಲ್ಲಿ ತನ್ನ ಹೆಸರನ್ನೂ ಅಜ್ಜಿಯ ಹೆಸರನ್ನೂ ನೋಟುಬುಕ್ಕಿನಲ್ಲಿ ಬರೆದು ನನಗೆ ತೋರಿಸಿದಳು. ಕೊಂಬು ಇಳಿಗಳಲ್ಲಿ ಒಂದು ತಿದ್ದುಪಡಿ ಮಾಡಿಸಿದೆ. ಅಭ್ಯಾಸಬಲ.

ಸ್ತೂಪ ಯಾವಾಗಲೋ ಕುಸಿದಿದೆ. ನೆಲದಲ್ಲಿ ಮಲಗಿದ್ದ ಬುದ್ಧನ ವಿಗ್ರಹಗಳಲ್ಲಿ ಹಲವಕ್ಕೆ ತಲೆಯಿಲ್ಲ. ದಶಕಗಳ ಕಾಲ ಈ ಕಲ್ಲುಗಳು ಮಳೆ ಬಿಸಿಲಿನಲ್ಲಿಯೇ ಬಿದ್ದಿದ್ದವು. ಅವನ್ನು ಜೋಡಿಸಿ ನಿಲ್ಲಿಸುವ ಕೆಲಸ ಶುರುವಾದದ್ದು 2022ರಲ್ಲಿ. ಜೋಡಿಸುವುದರಲ್ಲಿ ಹೊಸ ಇಟ್ಟಿಗೆ ಹಳೆಯ ಕಲ್ಲನ್ನು ನುಂಗದಿರಲಿ ಎಂದು ಹಾರೈಸುತ್ತೇನೆ.

ಈಗ ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಸನ್ನತಿಯ ಸುತ್ತಮುತ್ತ, ಮುಖ್ಯವಾಗಿ ರಣಮಂಡಲವೆಂದು ಕರೆಯುವ ಹಳೆಯ ಕೋಟೆಯ ಆಸುಪಾಸಿನಲ್ಲಿ, ಸ್ತೂಪಗಳ ಕಾಲದವೇ ಆದ ನೆನಪಿನ ಕಲ್ಲುಗಳು ಸಿಕ್ಕಿವೆ. ಸತ್ತವರಿಗಾಗಿ ನೆಟ್ಟ ಚಪ್ಪಡಿಗಳು. ನಾಗಾರ್ಜುನಕೊಂಡದಲ್ಲಿ ಇಂಥವನ್ನು ಛಾಯಾಸ್ತಂಭ ಎಂಬರ್ಥದ ಪ್ರಾಕೃತ ಮಾತಿನಿಂದ ಕರೆದಿದ್ದಾರೆ. ಛಾಯೆ ಎಂದರೆ ನೆರಳೂ ಹೌದು, ಪ್ರತಿರೂಪವೂ ಹೌದು. ಇವೆಲ್ಲವೂ ಬೌದ್ಧರವೇ ಎಂದು ಸಾಧಿಸುವ ಹಟ ನನಗಿಲ್ಲ. ಸ್ತೂಪದ ನೆರಳಿನಲ್ಲಿ ಬಾಳಿದವರವು ಎಂದರೆ ಸಾಕು. ವಿಶೇಷವೇನೆಂದರೆ, ನಮ್ಮ ವೀರಗಲ್ಲುಗಳಂತೆ ಇವುಗಳ ಮೇಲೆ ಕತ್ತಿ ಕಾಳಗಗಳದೇ ಅಬ್ಬರವಿಲ್ಲ. ಎತ್ತಿನ ಬಂಡಿ, ಕುದುರೆ, ಮನೆಯಂಥದೊಂದು ಮಂಟಪ, ಒಳಗೆ ಜೊತೆಯಾಗಿ ಕುಳಿತ ಗಂಡ ಹೆಂಡತಿ. ಬದುಕಿದ್ದಾಗ ಹೇಗಿದ್ದರೋ ಹಾಗೆ.

ವೀರಗಲ್ಲನ್ನು ಕೀಳು ಮಾಡಲು ಹೀಗೆ ಹೇಳಲಿಲ್ಲ. ನಮ್ಮ ಬೆಂಗಳೂರಿನ ಹೆಸರು ಮೊದಲು ಕಾಣಿಸುವುದೇ ಬೇಗೂರಿನ ಗುಡಿಯಲ್ಲಿರುವ, ಸುಮಾರು 9ನೆಯ ಶತಮಾನದ ಒಂದು ಸಾವಿನ ಕಲ್ಲಿನ ಮೇಲೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತನೆಂಬ ಸುದ್ದಿ ಅದು. ಒಬ್ಬ ಮಗನ ಸಾವನ್ನು ಬರೆಸಿದ್ದರಿಂದ ಊರಿನ ಹೆಸರು ನಮಗೆ ಸಿಕ್ಕಿತು. ಜೆ.ಪಿ. ನಗರದಲ್ಲಿರುವ ನನ್ನ ಬಂಧುಗಳು ಒಂದು ಭಾನುವಾರ ಅಲ್ಲಿಗೆ ಹೋಗಿ ಬರಬಹುದು, ದೂರವೇನಲ್ಲ.

ಸನ್ನತಿಯ ಶಿಲ್ಪಗಳನ್ನು ನಾನು ಮೊದಲು ಕಂಡದ್ದು ಬಹಳ ಹಿಂದೆ, ಕಲಬುರಗಿಯ ವಸ್ತುಸಂಗ್ರಹಾಲಯದಲ್ಲಿ. ಬೇಸಿಗೆ ರಜೆಯಲ್ಲಿ ಮಾವನವರ ಮನೆಗೆ ಹೋದಾಗ ಬಿಸಿಲಿಗೆ ಬೇಸತ್ತು ಆ ಹಳೆಯ ಗುಮ್ಮಟದೊಳಗೆ ಹೊಕ್ಕಿದ್ದೆವು. ನಾನು ಫಲಕಗಳನ್ನು ಓದುತ್ತ ಮುಂದೆ ಹೋದೆ, ಅವಳು ಜೋಡಿ ಕುಳಿತ ಒಂದು ಕಲ್ಲಿನ ಮುಂದೆಯೇ ನಿಂತಿದ್ದಳು. "ಅಲ್ರೀ, ಇಬ್ರೂ ಕೂಡೇ ಕೂತಾರ ನೋಡ್ರಿ. ಇದರಾಗ ಯಾರು ಮೊದಲು ಹೋದ್ರೋ ಏನೋ" ಎಂದಳು. ಹಿಂದೆ ಉಳಿದವರು ಯಾರೋ ಕೆತ್ತಿಸಿರಬೇಕು ಎಂದೆ. "ಹಿಂದ ಉಳದವ್ರು ಕೆತ್ತಿಸೋ ಮುಂದ ತಮ್ಮನ್ನೂ ಬಾಜೂಕ ಕೂಡಿಸ್ಕೊಂಡಾರ. ಶ್ಯಾಣ್ಯಾರು" ಎಂದು ನಕ್ಕಳು. ನಗು ಅವಳಿಗೆ ಯಾವಾಗಲೂ ಹತ್ತಿರ. ಆ ಮಾತನ್ನು ನಾನು ಮರೆತಿದ್ದೆ ಎಂದೇ ತಿಳಿದಿದ್ದೆ. ಕನಗನಹಳ್ಳಿಯ ಮಂಜಿನಲ್ಲಿ ಮೊಮ್ಮಗಳಿಗೆ ಈ ಕಲ್ಲುಗಳ ವಿಷಯ ಹೇಳುತ್ತಿದ್ದಾಗ ಅವಳ ದನಿಯ ಸಮೇತ ಕೇಳಿಸಿತು. ಸ್ವಲ್ಪ ಹೊತ್ತು ಪಾಠ ನಿಲ್ಲಿಸಬೇಕಾಯಿತು. ಹುಡುಗಿ ಏನೂ ಕೇಳದೆ ನನ್ನ ಕೈ ಹಿಡಿದುಕೊಂಡಳು.

ಹತ್ತಿರದ ಹೊಲದಲ್ಲಿ ತೊಗರಿ ಕೊಯ್ಯಲು ಬಂದಿದ್ದ ಮುದುಕರೊಬ್ಬರು ನಮ್ಮನ್ನು ಕಂಡು ಬೇಲಿಯ ಬಳಿ ಬಂದರು. "ಎಲ್ಲಿಂದ ಬಂದೀರಿ?" ಎಂದು ವಿಚಾರಿಸಿ, ಮೊದಲು ಇದೆಲ್ಲ ದಿಬ್ಬವಾಗಿತ್ತು, ದನ ಮೇಯಿಸುತ್ತಿದ್ದೆವು ಎಂದರು. ಕಲ್ಲು ಕಂಡರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಚಿತ್ರ ಇದ್ದ ಕಲ್ಲು ಬಚ್ಚಲಿಗಿ ಹಾಕಬಾರದು ಅಂತಿದ್ದಳ್ರಿ ನಮ್ಮವ್ವ. ಯಾರದೋ ಏನೋ, ತುಳೀಬಾರದು ಅಂತಿದ್ದಳು" ಎಂದರು. ಸಂರಕ್ಷಣೆಯ ಕಾಯಿದೆಗಳನ್ನು ಓದಿದವನು ನಾನು. ಆ ತಾಯಿಯ ಮಾತಿನಷ್ಟು ಚೊಕ್ಕವಾದ ವಾಕ್ಯ ಅವುಗಳಲ್ಲಿಲ್ಲ.

ಒಂಬತ್ತಕ್ಕೆ, ಕಾರಿನ ಹುಡುಗ ಹೇಳಿದಂತೆಯೇ, ಮಂಜು ಕರಗಿ ಬಿಸಿಲು ಬಿತ್ತು. ಸನ್ನತಿಗೆ ಹೋದೆವು. ಚಂದ್ರಲೆಯ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ಗೊತ್ತು: ಪತಿವ್ರತೆಯನ್ನು ಹೊತ್ತೊಯ್ದ ಸೇತುರಾಜನ ಮೇಲೆ ದೇವಿ ದುಂಬಿಗಳ ದಂಡನ್ನು ಬಿಟ್ಟದ್ದು. ಆದರೆ ಇತಿಹಾಸದ ವಿದ್ಯಾರ್ಥಿಗೆ ಈ ಆವರಣದಲ್ಲಿ ಇನ್ನೊಂದು ಕಥೆಯಿದೆ. 1986ರಲ್ಲಿ ಇಲ್ಲಿಯ ಕಾಳಿಯ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ಅವಶೇಷಗಳನ್ನು ತೆಗೆಯುವಾಗ ನೋಡಿದರೆ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳ ಮೇಲೆ ಅಶೋಕನ ಶಾಸನ! ವಿಗ್ರಹ ಕೂರಿಸಲು ನಡುವೆ ರಂಧ್ರ ಕೊರೆದು ಎಷ್ಟೋ ಅಕ್ಷರಗಳು ಹೋಗಿದ್ದವು. ಒಂದು ಮುಖದಲ್ಲಿ 12 ಮತ್ತು 14ನೆಯ ಬಂಡೆ ಶಾಸನಗಳು, ಇನ್ನೊಂದರಲ್ಲಿ ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು. ಹನ್ನೆರಡನೆಯದು ಪರರ ಪಂಥವನ್ನು ಹಳಿಯಬೇಡಿರಿ, ಗೌರವಿಸಿರಿ ಎಂದು ಬೋಧಿಸುವಂಥದು. ಅದು ಕಾಳಿಯ ಪಾದದಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಶತಮಾನಗಳ ಕಾಲ ಅವಳ ಭಾರವನ್ನು ಹೊತ್ತಿತ್ತು. ಇದನ್ನು ಅವಮಾನವೆಂದು ರೇಗುವವರಿದ್ದಾರೆ. ಒಳ್ಳೆಯ ಕಲ್ಲು ಬೇಕಿತ್ತು, ಇತ್ತು, ಬಳಸಿದರು ಎನ್ನುವುದು ನನ್ನ ಅಭಿಪ್ರಾಯ. ಆ ಚಪ್ಪಡಿಯಲ್ಲಿ ಇಲ್ಲದಿರುವುದು 13ನೆಯ ಶಾಸನ, ಕಳಿಂಗದಲ್ಲಿ ಲಕ್ಷ ಜನ ಹತರಾದರೆಂದು ಅಶೋಕ ಪರಿತಪಿಸುವಂಥದು. ಧೌಲಿ, ಜೌಗಡಗಳಲ್ಲಿಯೂ ಅದನ್ನು ಕೆತ್ತಿಸಿಲ್ಲ. ಸತ್ತವರ ಲೆಕ್ಕವನ್ನು ಸತ್ತವರ ಮನೆಯವರೆದುರು ಓದಬಾರದೆಂಬ ಎಚ್ಚರ ಆ ಅರಸನಿಗಿದ್ದಿರಬಹುದು. ಇಲ್ಲಿಯೂ ಅದೇಕಿಲ್ಲ ಎಂಬುದನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ.

ಉಡಿ ತುಂಬುವುದು ಹೆಂಗಸರ ಕೆಲಸ. ಗಂಡಸಾದ ನಾನೂ ಜೀನ್ಸ್ ತೊಟ್ಟ ಹುಡುಗಿಯೂ ಸೀರೆ, ಖಣ, ಅಕ್ಕಿ, ಉತ್ತತ್ತಿ, ಅರಿಸಿನದ ಕೊಂಬು, ಕೊಬ್ಬರಿಬಟ್ಟಲುಗಳ ತಟ್ಟೆ ಹಿಡಿದು ಏನು ಮಾಡಬೇಕೆಂದು ತೋಚದೆ ನಿಂತಿದ್ದೆವು. ಸೊಲ್ಲಾಪುರದ ಕಡೆಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ನೋಡಿ, ವಿಷಯ ಕೇಳಿ ತಿಳಿದುಕೊಂಡು, ಹುಡುಗಿಯ ತಲೆಯ ಮೇಲೆ ತಮ್ಮ ಸೆರಗಿನ ತುದಿಯನ್ನೇ ಎಳೆದು ಹೊದಿಸಿದರು. "ಯಾರ ಹರಕಿ ಇದು? ಅವರ ಹೆಸರು ಹೇಳವ್ವ" ಎಂದರು. ಮೊಮ್ಮಗಳು ಅಜ್ಜಿಯ ಹೆಸರನ್ನು ಹೇಳಿದಳು. ಅರ್ಚಕರು ಆ ಹೆಸರಿನಲ್ಲಿಯೇ ಸಂಕಲ್ಪ ಮಾಡಿದರು. ತೀರಿಹೋದವರ ಹೆಸರಿನಲ್ಲಿ ಸಂಕಲ್ಪ ಮಾಡಬಹುದೇ ಎಂಬ ಶಂಕೆ ನನ್ನ ಮನಸ್ಸಿನಲ್ಲಿ ಎದ್ದಿತ್ತು. ಅರ್ಚಕರಿಗೆ ಬರಲಿಲ್ಲ, ನಾನೂ ಎತ್ತಲಿಲ್ಲ. ಸೀರೆಯನ್ನು ಅಮ್ಮನಿಗೆ ಮುಟ್ಟಿಸಿ, ಪ್ರಸಾದವೆಂದು ತೆಂಗಿನಕಾಯಿಯನ್ನೂ ಒಂದು ಹಿಡಿ ಅಕ್ಕಿಯನ್ನೂ ಹುಡುಗಿಯ ದುಪಟ್ಟಾಕ್ಕೆ ಹಾಕಿದರು.

ಹಿಂದಿರುಗುವಾಗ ಅವಳು, ಅಜ್ಜಿಯನ್ನು ನೋಡಬೇಕೆನ್ನಿಸಿದರೆ ಇಲ್ಲಿಗೆ ಬರಬಹುದಲ್ಲವೇ ಎಂದಳು. ಬರಬಹುದು ಎಂದೆ. ಇಲ್ಲಿ ಅವಳ ಅಸ್ಥಿಯಿಲ್ಲ, ಹೆಸರು ಕೆತ್ತಿದ ಕಲ್ಲಿಲ್ಲ. ಅವಳು ಕಟ್ಟಿಟ್ಟ ಸೀರೆಯೊಂದು ಬಂದು ಸೇರಿದೆ, ಅಷ್ಟೇ. ಸೇರಬೇಕಾದದ್ದು ಇನ್ನೂ ಏನಿತ್ತೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೋಯಾ ಪರ್ವತದಲ್ಲಿ ಎರಡು ಲಕ್ಷ ಕಲ್ಲುಗಳಿದ್ದೂ ಅವುಗಳಲ್ಲಿ ಎಷ್ಟರ ಮುಂದೆ ಇಂದು ಹೂವಿಡುವವರಿದ್ದಾರೆ ಎಂಬುದನ್ನು ನನ್ನ ವಿದ್ಯಾರ್ಥಿ ಒಮ್ಮೆ ಎಣಿಸಿ ಬರೆದರೆ ಓದುವ ಆಸೆಯಿದೆ.

ಹೋಗಬಯಸುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ಬೇಡ, ಡಿಸೆಂಬರ್, ಜನವರಿಯೇ ಸರಿ. ರಾತ್ರಿ ರೈಲಿನಲ್ಲಿ ಹೊರಟು ಯಾದಗಿರಿಯಲ್ಲಿ ಇಳಿದರೆ ಮಂಜಿರುವಾಗಲೇ ಕನಗನಹಳ್ಳಿ ತಲಪಬಹುದು. ಕಲಬುರಗಿಯಲ್ಲಿ ಅರ್ಧ ದಿನ ಉಳಿದು ವಸ್ತುಸಂಗ್ರಹಾಲಯವನ್ನೂ ನೋಡಿ ಬನ್ನಿ. ಚಿಕ್ಕ ಮಕ್ಕಳಿದ್ದರೆ ಬ್ರಾಹ್ಮಿ ಅಕ್ಷರಮಾಲೆಯ ಒಂದು ಹಾಳೆ ಜೊತೆಯಲ್ಲಿರಲಿ. ಕೇಳಿದವರಿಗೆ ನನ್ನ ಬಳಿಯಿರುವ ಪ್ರತಿಯನ್ನು ನೆರಳಚ್ಚು ಮಾಡಿಸಿ ಕೊಡುತ್ತೇನೆ.